ಒಂದು ಬೆರಳ ಸಂದು

ಹುಣಸೂರಿನಿಂದ ಪಿರಿಯಾಪಟ್ಟಣದ ಕಡೆ ಹೋಗುವ ರಸ್ತೆಯಲ್ಲಿ, ಊರಿನ ಮನೆಗಳು ಮುಗಿದು ಮರ ಕೊಯ್ಯುವ ಮಿಲ್ಲುಗಳು ಕಾಣಿಸಿಕೊಳ್ಳುವ ಜಾಗದಲ್ಲಿ ಒಂದು ಕಾರು ಗ್ಯಾರೇಜು ಇದೆ. ಎರಡು ಗಾಡಿ ಅಕ್ಕಪಕ್ಕ ನಿಲ್ಲುವಷ್ಟು ತಗಡಿನ ಶೆಡ್ಡು, ಮುಂದೆ ಒಂದು ಹೊಂಗೆಮರ. ಬೋರ್ಡಿನ ಮೇಲೆ ಈಗಲೂ ಧರ್ಮೇಂದ್ರನ ಹೆಸರೇ ಇದೆ. ಗಾಡಿಯ ಕೆಳಗೆ ಮಲಗಿ ಕೆಲಸ ಮಾಡುವವಳು ಅವನ ಹೆಂಡತಿ ಶಾಂತಲಾ.

ಶಾಂತಲಾಗೆ ಈಗ ಮೂವತ್ತೆಂಟು. ಈ ಕೆಲಸ ಕಲಿಯಬೇಕೆಂದು ಬಂದವಳಲ್ಲ. ಅವಳ ತವರು ಪಿರಿಯಾಪಟ್ಟಣದ ಹತ್ತಿರದ ಹಳ್ಳಿ. ಅಪ್ಪ ಮಂಚಯ್ಯನಿಗೆ ಒಂದೂವರೆ ಎಕರೆ ಹೊಲ, ಅದರ ಜೊತೆಗೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳಿಗೆ ಪೈಪು ಕೂರಿಸುವ ಕಸುಬು. ಬ್ಯಾರನ್ ಅಂದರೆ ಎತ್ತರದ, ಕಿಟಕಿಯಿಲ್ಲದ ಮನೆ. ಒಲೆಯ ಬಿಸಿ ತಗಡಿನ ದಪ್ಪ ಪೈಪುಗಳೊಳಗೆ ನೆಲದುದ್ದಕ್ಕೂ ಸುತ್ತಿಕೊಂಡು ಹೊರಗೆ ಹೋಗುತ್ತದೆ. ಮೇಲೆ ಸಾಲುಸಾಲಾಗಿ ಕಡ್ಡಿಗೆ ಕಟ್ಟಿದ ಸೊಪ್ಪು ಆ ಬಿಸಿಗೆ ಹಳದಿಯಾಗಿ ಒಣಗುತ್ತದೆ. ಪ್ರತಿ ವರ್ಷ ಸೊಪ್ಪು ಮುರಿಯುವ ಕಾಲಕ್ಕೆ ಮುಂಚೆ ಮಂಚಯ್ಯ ಮನೆಮನೆಗೆ ಹೋಗಿ ಹಳೆಯ ಪೈಪು ಬಿಚ್ಚಿ, ತೂತು ಬಿದ್ದದ್ದನ್ನು ಬದಲಿಸಿ, ಕೀಲುಗಳಿಗೆ ಜೇಡಿಮಣ್ಣು ಮೆತ್ತಿ ಬರುತ್ತಿದ್ದ. ಮಣ್ಣು ಕಲಸಿ ಉಂಡೆ ಮಾಡಿ ಕೊಡುವುದು ಶಾಂತಲಾಳ ಪಾಲಿನ ಕೆಲಸವಾಗಿತ್ತು. ಮದುವೆಯಾಗಿ ಹುಣಸೂರಿಗೆ ಬಂದ ಮೇಲೆ ಸೊಪ್ಪಿನ ಗ್ರೇಡಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ಎಲೆಯನ್ನು ಬೆರಳಲ್ಲಿ ಮುಟ್ಟಿದರೆ ಸಾಕು, ಯಾವ ಗುಂಪಿಗೆ ಹಾಕಬೇಕೆಂದು ಅವಳಿಗೆ ಗೊತ್ತಾಗುತ್ತಿತ್ತು. ಗ್ಯಾರೇಜಿನ ಕಡೆ ಅವಳು ಹೋಗುತ್ತಿದ್ದದ್ದು ಊಟದ ಕ್ಯಾರಿಯರ್ ಕೊಡುವುದಕ್ಕೆ ಮಾತ್ರ.

ಎರಡೂವರೆ ವರ್ಷದ ಹಿಂದೆ ಧರ್ಮೇಂದ್ರ ಬೈಕಿನಲ್ಲಿ ಕೆ.ಆರ್. ನಗರದಿಂದ ವಾಪಸು ಬರುತ್ತಿದ್ದಾಗ ನಾಯಿಯೊಂದು ಅಡ್ಡ ಬಂತು. ಅವನು ಬಿದ್ದದ್ದು ಬಲಭುಜದ ಮೇಲೆ. ಮೂಳೆ ಮುರಿಯಲಿಲ್ಲ. ಆದರೆ ಕುತ್ತಿಗೆಯಿಂದ ತೋಳಿಗೆ ಹೋಗುವ ನರಗಳು ಕಿತ್ತುಕೊಂಡಿದ್ದವು. ಮೈಸೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು, ಎಂಟು ತಿಂಗಳು ವ್ಯಾಯಾಮ ಆಯಿತು. ಮೊಣಕೈ ಅರ್ಧ ಮಡಚುವಷ್ಟು ಬಂತು, ಬೆರಳುಗಳಿಗೆ ಹಿಡಿತ ಬರಲಿಲ್ಲ. ಇನ್ನು ಇಷ್ಟೇ ಎಂದು ಡಾಕ್ಟರು ಹೇಳಿದರು. ಗ್ಯಾರೇಜಿನಲ್ಲಿದ್ದ ಇಬ್ಬರು ಕೆಲಸಗಾರರು ಅಷ್ಟರಲ್ಲಿ ಬೇರೆ ಕಡೆ ಸೇರಿಕೊಂಡಿದ್ದರು.

ಗ್ಯಾರೇಜಿನ ಬೀಗ ಮತ್ತೆ ತೆಗೆದ ಮೊದಲ ವಾರ ಶಾಂತಲಾ ಸಾಮಾನು ಒರೆಸಿಡಲು ಜೊತೆಗೆ ಬಂದಳು. ಆಗ ಗುರುಸ್ವಾಮಿ ಎಂಬ ಗೂಡ್ಸ್ ಟೆಂಪೋ ಚಾಲಕ ಬಂದ. ಅವನ ಗಾಡಿಯ ಕ್ಲಚ್ ಕೇಬಲ್ ತುಂಡಾಗಿತ್ತು. ಧರ್ಮೇಂದ್ರ ಎಡಗೈಯಲ್ಲಿ ಅರ್ಧ ಗಂಟೆ ಒದ್ದಾಡಿದ. ಆಮೇಲೆ ಶಾಂತಲಾ ತಾನಾಗಿಯೇ ಸೆರಗು ಸಿಕ್ಕಿಸಿಕೊಂಡು ಕೆಳಗೆ ಬಗ್ಗಿ, "ಎಲ್ಲಿ ತಿರುಗಿಸ್ಬೇಕು ತೋರ್ಸಿ" ಅಂದಳು. ಅಲ್ಲಿಂದ ಶುರುವಾಯಿತು. ಮಾರನೆಯ ದಿನ ಗಂಡನ ಹಳೆಯ ಪ್ಯಾಂಟು ಶರ್ಟು ಹಾಕಿಕೊಂಡು ಬಂದಳು. ಅತ್ತೆ ಚಿಕ್ಕಬೀರಮ್ಮ ಒಂದು ವಾರ ಮಾತು ಬಿಟ್ಟರು; ಎಂಟನೆಯ ದಿನ, "ಮೈಕೈ ಮಸಿ ಅಂಗೇ ಇಟ್ಕಂಡು ಒಲೆ ಮುಂದೆ ಬರಬ್ಯಾಡ, ಬಿಸಿನೀರು ಕಾಯ್ಸಿವ್ನಿ" ಎಂದು ಹೇಳಿ ಆ ವಿಷಯ ಮುಗಿಸಿದರು.

ಕೆಲಸ ನಡೆಯುವ ರೀತಿ ಹೀಗಿತ್ತು. ಧರ್ಮೇಂದ್ರ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಹೇಳುತ್ತಿದ್ದ, ಅವಳು ಕೆಳಗೆ ಮಲಗಿ ಮಾಡುತ್ತಿದ್ದಳು. "ಎಡಕ್ಕೆ ತಿರ್ಗ್ಸು. ನಿನ್ನ ಎಡ ಅಲ್ಲ ಕಣೇ, ಗಾಡಿ ಎಡ!" ಎಂದು ಅವನು ರೇಗುವುದು, "ಗಾಡಿಗೆ ಎಡ ಬಲ ಯಾರು ಏಳ್ಕೊಟ್ಟಿದ್ದು" ಎಂದು ಅವಳು ಕೆಳಗಿನಿಂದ ಕೂಗುವುದು ದಿನವೂ ಇದ್ದದ್ದೇ. ಒಂದು ವರ್ಷ ಕಳೆಯುವ ಹೊತ್ತಿಗೆ ಅವಳಿಗೆ ಸ್ಪ್ಯಾನರಿನ ನಂಬರು ಕೈಯ ಅಂದಾಜಿಗೇ ಸಿಗುತ್ತಿತ್ತು. ವೆಲ್ಡಿಂಗ್ ಕಲಿತದ್ದು ಆಮೇಲೆ. ಅದರಲ್ಲಿ ಅವಳಿಗೆ ಒಂದು ಖುಷಿ ಇತ್ತು, ಯಾಕೆಂದರೆ ಮುಖಕ್ಕೆ ಗುರಾಣಿ ಹಿಡಿದಾಗ ಗಂಡ ಏನು ಹೇಳಿದರೂ ಅವಳಿಗೆ ಕೇಳಿಸುತ್ತಿರಲಿಲ್ಲ.

ಒಂದೇ ಒಂದು ಕೊರತೆ ಉಳಿದಿತ್ತು. ಗ್ಯಾರೇಜಿನಲ್ಲಿ ಗಾಡಿ ಓಡಿಸುವವರು ಯಾರೂ ಇರಲಿಲ್ಲ. ಧರ್ಮೇಂದ್ರನಿಗೆ ಕೈ ಇಲ್ಲ, ಶಾಂತಲಾಗೆ ಲೈಸೆನ್ಸ್ ಇಲ್ಲ. ಕೆಲಸ ಮುಗಿದ ಮೇಲೆ ಗಿರಾಕಿಯೇ ಓಡಿಸಿ ನೋಡಿ, ಸರಿ ಇದೆ ಅಥವಾ ಇಲ್ಲ ಎಂದು ಹೇಳಬೇಕಿತ್ತು.

ಕಳೆದ ಫೆಬ್ರವರಿಯಲ್ಲಿ ಕಿರಣ್‌ಕುಮಾರ್ ತನ್ನ ಹಳೆಯ ಬಿಳಿ ಎಸ್ಟೀಮ್ ತಂದ. ಅವನಿಗೆ ಕೆ.ಆರ್. ನಗರದಲ್ಲಿ ಗೊಬ್ಬರದ ಅಂಗಡಿ. ಮೂವತ್ತೊಂದು ವರ್ಷದ ಆಳು, ಮಾತು ಹೆಚ್ಚು, ಮನಸ್ಸು ಮೃದು. ಕೊಯ್ಲಾದ ಹೊಲಗಳಲ್ಲಿ ಮಣ್ಣಿನ ಟ್ರ್ಯಾಕ್ ಮಾಡಿ ಕಾರು ಓಡಿಸುವ ಪಂದ್ಯಗಳು ಕೊಡಗಿನ ಕಡೆಯಿಂದ ಈಚೆಗೆ ನಮ್ಮ ಕಡೆಗೂ ಬಂದಿವೆ. ಕಿರಣನಿಗೆ ಅದರ ಹುಚ್ಚು. ಎರಡು ವಾರದಲ್ಲಿ ಪಿರಿಯಾಪಟ್ಟಣದ ಹೊರಗೆ ಅಂಥದೊಂದು ಪಂದ್ಯ ಇತ್ತು. ಅದಕ್ಕೆಂದೇ ಅವನು ಬೇರೆ ಕಡೆ ಕಾರಿಗೆ ಹೆಡರ್ ಹಾಕಿಸಿದ್ದ.

ಎಂಜಿನ್ನಿನಿಂದ ಹೊಗೆ ಹೊರಗೆ ಬರುವ ಬಾಯಿಗೆ ಕಂಪೆನಿಯವರು ಎರಕದ ಕಬ್ಬಿಣದ ಒಂದು ಗಟ್ಟಿ ಮುದ್ದೆಯಂಥ ಸಾಮಾನು ಕೂರಿಸಿರುತ್ತಾರೆ. ಅದನ್ನು ತೆಗೆದು, ನಾಲ್ಕು ಬಾಯಿಗೆ ನಾಲ್ಕು ಉದ್ದನೆಯ ಪೈಪು ಹಾಕಿ, ಕೆಳಗೆ ಎಲ್ಲವನ್ನೂ ಒಂದಕ್ಕೆ ಸೇರಿಸುವುದೇ ಹೆಡರ್. ಹೊಗೆ ಸಲೀಸಾಗಿ ಹೋದರೆ ಎಂಜಿನ್ನಿಗೆ ಉಸಿರು ಸಿಗುತ್ತದೆ ಎಂಬ ಲೆಕ್ಕ. ಕಿರಣ ಅದನ್ನು ಫೋನಿನಲ್ಲಿ ಯಾರಿಂದಲೋ ಹಳೆಯದು ಕೊಂಡಿದ್ದ. ಯಾರು ಮಾಡಿದ್ದು ಎಂಬ ಗುರುತೇ ಅದರ ಮೇಲೆ ಇರಲಿಲ್ಲ.

"ಧರ್ಮಣ್ಣ, ಕೂರ್ಸಿದ್ ದಿನದಿಂದ ಒಂದೇ ಸಮ ಕಟಕಟ ಅಂತದೆ. ಫಸ್ಟ್ ಗೇರಲ್ಲಿ ಜೋರಾಗಿ ಎತ್ತಿದ್ರೆ ಸುತ್ಗೇಲಿ ಒಡ್ದಂಗೆ ಆಯ್ತದೆ. ಸುಟ್ಟ ವಾಸ್ನೆ ಬೇರೆ" ಎಂದ ಕಿರಣ.

ಶಾಂತಲಾ ಕಾರನ್ನು ಜಾಕಿನಲ್ಲಿ ಎತ್ತಿ, ಎರಡೂ ಕಡೆ ಸ್ಟ್ಯಾಂಡು ಕೊಟ್ಟು, ಕೆಳಗೆ ಹೋದಳು. ಸುಟ್ಟ ವಾಸನೆಯ ಕಾರಣ ತಕ್ಷಣ ಸಿಕ್ಕಿತು. ರೇಡಿಯೇಟರ್ ಫ್ಯಾನಿನ ವೈರು ಪೈಪಿಗೆ ತಾಗಿ ಕರಗಿತ್ತು. ಅದನ್ನು ಬದಲಿಸಿ, ಮೇಲೆ ಬಿಸಿ ತಡೆಯುವ ಕವಚ ಹಾಕಿ, ಪೈಪಿನಿಂದ ದೂರಕ್ಕೆ ಕಟ್ಟಿದಳು. ಶಬ್ದದ ಕಾರಣವೂ ಕಣ್ಣಿಗೇ ಕಂಡಿತು. ಹೆಡರಿನ ಪೈಪುಗಳು ಎಂಜಿನ್ನಿನ ಮುಂದುಗಡೆ ಇಳಿದು, ಕೆಳಗೆ ಬಾಗಿ, ಹಿಂದಕ್ಕೆ ಹೋಗುತ್ತಿದ್ದವು. ಬಾಗುವ ಜಾಗದಲ್ಲಿ ಮುಂದೆ ಬಾಡಿಯ ಒಂದು ಅಡ್ಡತೊಲೆ, ಹಿಂದೆ ಎಂಜಿನ್ನಿನ ಆಯಿಲ್ ಚೇಂಬರ್. ಎರಡರ ನಡುವೆ ಇದ್ದ ಜಾಗವೇ ಕಡಿಮೆ. ಅಡ್ಡತೊಲೆಗೂ ಪೈಪಿಗೂ ಒಂದು ಕಡ್ಡಿ ತೂರುವಷ್ಟು ಸಂದು ಮಾತ್ರ ಇತ್ತು. ತೊಲೆಯ ಮೇಲಿನ ಬಣ್ಣ ಕಿತ್ತುಹೋಗಿ ಕಬ್ಬಿಣ ಮಿನುಗುತ್ತಿತ್ತು.

ಮೊಬೈಲಿನಲ್ಲಿ ಫೋಟೋ ತೆಗೆದು ಗಂಡನಿಗೆ ತೋರಿಸಿದಳು. ಅವನು ನೋಡಿ, "ಗ್ಯಾಸಲ್ಲಿ ಕೆಂಪಗೆ ಕಾಯ್ಸು, ಮುಂದ್ಗಡೆ ಬಡಿದು ವಸಿ ಒಳಕ್ಕೆ ತಗ್ಗು ಮಾಡು. ಒಂದು ಬೆರಳು ಸಂದು ಬಂದ್ರೆ ಸಾಕು" ಎಂದ.

"ಪೈಪು ಅಮುಕ್ಬುಟ್ರೆ ಉಸಿರು ಕಟ್ಟಲ್ವಾ ಅಣ್ಣ?" ಕಿರಣ ಕೇಳಿದ.

"ಒಂದೀಟು ತಗ್ಗಿದ್ರೆ ಏನೂ ಆಗಕಿಲ್ಲ ಬುಡು."

ಶಾಂತಲಾ ಹಾಗೆಯೇ ಮಾಡಿದಳು. ಆರಿದ ಮೇಲೆ ಬೆರಳು ಹಾಕಿ ನೋಡಿದಳು. ತೋರುಬೆರಳು ಸಲೀಸಾಗಿ ಒಳಗೆ ಹೋಗಿ ಬಂತು. ಕಿರಣ ರಸ್ತೆಯಲ್ಲಿ ಒಂದು ಸುತ್ತು ಹಾಕಿ, ಶಬ್ದ ಇಲ್ಲ ಎಂದು ಖುಷಿಯಿಂದ ಹೋದ. ಆ ಸುತ್ತಿನಲ್ಲಿ ಅವನು ನಿಧಾನವಾಗಿ ಓಡಿಸಿದ್ದ ಎಂಬುದು ಅವರಿಗೆ ಹೊಳೆಯಲಿಲ್ಲ.

ಮೂರನೆಯ ದಿನ ಬೆಳಿಗ್ಗೆಯೇ ಅವನು ಮತ್ತೆ ಬಂದ. ಕಾರು ಗ್ಯಾರೇಜಿಗೆ ತಿರುಗುವಾಗಲೇ ಶಬ್ದ ಕೇಳಿಸಿತು.

"ನಿಧಾನಕ್ಕೆ ಓದ್ರೆ ಸುಮ್ನಿರ್ತದೆ. ಎತ್ತಿದ್ ತಕ್ಷಣ ಅದೇ ಕಥೆ" ಎಂದ.

ಧರ್ಮೇಂದ್ರ ಸ್ಟೂಲಿನಿಂದ ಏಳಲಿಲ್ಲ. "ಇವ್ಳು ಸರ್ಯಾಗಿ ಬಡ್ದಿಲ್ಲ. ಎಂಗಸ್ರ ಕೈಲಿ ಅಷ್ಟೇ ಬಲ ಬರೋದು. ಇನ್ನೊಂದಪ ಕಾಯ್ಸಿ ಬಡೀಲಿ" ಎಂದ.

ಶಾಂತಲಾ ಕೆಳಗೆ ಹೋಗುತ್ತಿದ್ದವಳು ಹಾಗೆಯೇ ನಿಂತಳು. ಮನೆಯಲ್ಲಿ ಎಷ್ಟು ಬೈದಾಡಿದ್ದರೂ ಗಿರಾಕಿಯ ಮುಂದೆ ಅವನು ಹಾಗೆ ಅಂದದ್ದು ಅದೇ ಮೊದಲು. ಕಿರಣ ಮುಜುಗರದಿಂದ ಹೊಂಗೆಮರದ ಕಡೆ ನೋಡಿದ. ಅವಳು ಕೆಳಗೆ ಮಲಗಿ ಸಂದಿಗೆ ಬೆರಳು ಹಾಕಿದಳು. ಬೆರಳು ಮೊನ್ನೆಯಷ್ಟೇ ಸಲೀಸಾಗಿ ಹೋಯಿತು. ಎದ್ದು ಬಂದು ಕೈ ಒರೆಸಿಕೊಂಡಳು.

"ಸಂದು ಅಂಗೇ ಅದೆ. ನಾನು ಬಡ್ದಿದ್ದು ಸರಿಯಾಗೇ ಅದೆ. ಗಾಡಿ ಇಲ್ಲೇ ಬುಟ್ಟೋಗಿ ಕಿರಣ, ನಾಳೆ ನೋಡ್ತೀನಿ" ಎಂದಳು. 'ನೋಡ್ತೀವಿ' ಎನ್ನಲಿಲ್ಲ. ಧರ್ಮೇಂದ್ರನಿಗೂ ಅದು ಕೇಳಿಸಿತು.

ಆ ಮಧ್ಯಾಹ್ನ ಊಟವಾದ ಮೇಲೆ ಅವಳು ಶೆಡ್ಡಿನ ಹಿಂದೆ ಹೋಗಿ ಅಪ್ಪನಿಗೆ ಫೋನು ಮಾಡಿದಳು. ಮಂಚಯ್ಯನಿಗೆ ಕಿವಿ ಮಂದ. ಎರಡು ಸಲ ಕೂಗಿ ಹೇಳಬೇಕಾಯಿತು.

"ಅಪ್ಪೋ, ಬ್ಯಾರನ್ ಪೈಪು ಕೂರಿಸ್ವಾಗ ಕೊನೇಲಿ ಗೋಡೆ ತಾವ ಸಂದು ಬುಡ್ತಿದ್ದಲ್ಲ, ಎಷ್ಟು ಬುಡ್ತಿದ್ದೆ?"

"ಇಪ್ಪತ್ತಡಿ ಪೈಪಿಗೆ ಒಂದು ಬೆರಳು ಕಣವ್ವ. ಬಿಸಿ ಆದ್ರೆ ಪೈಪು ಬೆಳೀತದೆ. ಸಂದು ಬುಡ್ನಿಲ್ಲ ಅಂದ್ರೆ ಗೋಡೆಗೆ ಒತ್ತಿ ಕೀಲು ಬಿಟ್ಕತದೆ. ಯಾಕವ್ವ, ಬ್ಯಾರನ್ ಕೆಲ್ಸ ಇಡಿದ್ಯಾ?"

"ಇಲ್ಲ ಕಣಪ್ಪ, ಕಾರಿಂದು. ಎರಡಡಿ ಪೈಪು. ಒಂದು ಬೆರಳು ಸಂದು ಬುಟ್ರೂ ಓಗಿ ಗುದ್ತದೆ."

ಮಂಚಯ್ಯ ಒಪ್ಪಲಿಲ್ಲ. "ಎರಡಡಿ ಪೈಪು ಅಷ್ಟೆಲ್ಲಾ ಬೆಳ್ಯಾಕಿಲ್ಲ. ಎಷ್ಟೇ ಕಾದ್ರೂ ಒಂದು ಕಾಳಿನಷ್ಟು ಬೆಳೀಬೋದು. ನಮ್ಮ ಚಿಕ್ಕಸಿದ್ದಮ್ಮನ ಬ್ಯಾರನಲ್ಲಿ ಒಂದ್ಸತಿ ಇಂಗೇ ಆಗಿತ್ತು. ಪೈಪು ಬೆಳೀತು, ಪೈಪು ಬೆಳೀತು ಅಂತ ನಾನು ಮೂರು ಕಿತ ಪೈಪು ಕುಯ್ದೆ. ಆಮ್ಯಾಕೆ ನೋಡಿದ್ರೆ ಗೋಡೆನೇ ಒಳಕ್ಕೆ ವಾಲ್ಕೊಂಡ್ ಬತ್ತಿತ್ತು. ಪೈಪ್ ನೋಡ್ಬ್ಯಾಡ ಕಣವ್ವ, ಪೈಪು ಯಾವ್ದಕ್ಕೆ ಅಂಟ್ಕಂಡದೆ ಅದ ನೋಡು" ಎಂದ.

ಫೋನು ಇಟ್ಟ ಮೇಲೆ ಶಾಂತಲಾ ಅದನ್ನೇ ಯೋಚಿಸಿದಳು. ಪೈಪು ಅಂಟಿಕೊಂಡಿರುವುದು ಎಂಜಿನ್ನಿಗೆ. ಎಂಜಿನ್ ಕೂತಿರುವುದು ರಬ್ಬರಿನ ಮೇಲೆ. ತೊಲೆ ಬಾಡಿಯದು, ಅದು ಎಲ್ಲಿಗೂ ಹೋಗುವುದಿಲ್ಲ. ಹಾಗಾದರೆ ಓಡಾಡುತ್ತಿರುವುದು ಯಾವುದು ಎಂಬುದು ಅವಳಿಗೆ ಅಂದಾಜಾಯಿತು. ಆದರೆ ಅಂದಾಜನ್ನು ಗಂಡನ ಮುಂದೆ ಹೇಳಿ ಬೈಸಿಕೊಳ್ಳಲು ಅವಳಿಗೆ ಇಷ್ಟವಿರಲಿಲ್ಲ. ಕಣ್ಣಿಗೆ ಕಾಣುವ ಸಾಕ್ಷಿ ಬೇಕಿತ್ತು.

ಸಂಜೆ ಮನೆಗೆ ಹೋಗುವಾಗ ಲಕ್ಷ್ಮಣತೀರ್ಥದ ದಡಕ್ಕಿಳಿದು ಒಂದು ಚೀಲ ಜೇಡಿಮಣ್ಣು ತಂದಳು. ಕಲ್ಲು ಕಡ್ಡಿ ಆರಿಸಿ, ನೀರು ಹಾಕಿ, ಅಂಗೈಗೆ ಅಂಟದಷ್ಟು ಹದಕ್ಕೆ ನಾದಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಳು. ಚಿಕ್ಕಬೀರಮ್ಮ ನೋಡಿ, "ಒಲೆ ಕಟ್ಟೀಯಾ?" ಎಂದು ಕೇಳಿದರು.

ಬೆಳಿಗ್ಗೆ ಕಿರಣ ಬಂದಾಗ ಎಂಜಿನ್ ತಣ್ಣಗಿತ್ತು. ಶಾಂತಲಾ ಪೈಪಿಗೂ ಅಡ್ಡತೊಲೆಗೂ ನಡುವೆ ನಿಂಬೆಹಣ್ಣಿನ ಗಾತ್ರದ ಒಂದು ಉಂಡೆಯನ್ನು ಸಂದು ತುಂಬುವ ಹಾಗೆ ಮೆತ್ತಿದಳು. ಪೈಪಿಗೂ ಹಿಂದಿನ ಆಯಿಲ್ ಚೇಂಬರಿಗೂ ನಡುವೆ ಇನ್ನೊಂದು. ಪೈಪಿನ ಮೇಲೆ ಒಂದಿಷ್ಟು ಎಣ್ಣೆ ಸವರಿದ್ದಳು, ಮಣ್ಣು ಕಚ್ಚಿಕೊಳ್ಳಬಾರದೆಂದು.

"ಕಾಯೋಕ್ ಮುಂಚೆ ವಾಪಸ್ ಬರ್ಬೇಕು. ಮಿಲ್ ಗೇಟ್ ತಂಕ ಓಗಿ, ಅಲ್ಲಿ ನಿಲ್ಸಿ ಒಂದೇ ಒಂದ್ಸತಿ ಜೋರಾಗಿ ಎತ್ತಿ, ಅಂಗೇ ಬಂದ್ಬುಡಿ" ಎಂದಳು.

"ಇದೇನಕ್ಕ, ಕಾರಿಗೆ ಮಣ್ಣು?" ಎಂದು ಕಿರಣ ನಕ್ಕ. ಆದರೆ ಹೇಳಿದ ಹಾಗೆಯೇ ಮಾಡಿದ.

ಕಾರು ವಾಪಸು ಬಂದು ಸ್ಟ್ಯಾಂಡಿನ ಮೇಲೆ ನಿಂತಿತು. ಶಾಂತಲಾ ಕೆಳಗೆ ಹೋಗಿ ಎರಡೂ ಉಂಡೆಗಳನ್ನು ಜೋಪಾನವಾಗಿ ಬಿಡಿಸಿಕೊಂಡು ಬಂದು, ಗಂಡನ ಎಡ ಅಂಗೈ ಮೇಲೆ ಇಟ್ಟಳು. ಮುಂದಿನ ಉಂಡೆ ಒಂದು ಕಡೆ ವೀಳ್ಯದೆಲೆಯಷ್ಟು ತೆಳ್ಳಗೆ ಚಪ್ಪಟೆಯಾಗಿತ್ತು, ನಡುವೆ ತೂತು ಬಿದ್ದು ಕಬ್ಬಿಣದ ಗುರುತು ಮೂಡಿತ್ತು. ಹಿಂದಿನ ಉಂಡೆ ಇಟ್ಟ ಹಾಗೆಯೇ ಇತ್ತು.

"ಎಂಜಿನ್ ತಣ್ಣಗಿದ್ದಾಗ್ಲೇ ಇಂಗಾಗದೆ. ಬಿಸಿಗೆ ಬೆಳ್ದಿದ್ದಲ್ಲ. ಪೈಪು ಪೂರ್ತಿ ಮುಂದಕ್ಕೆ ಓಗಿ ಗುದ್ದಿ ವಾಪಸ್ ಬಂದದೆ. ಹಿಂದ್ಲ ಚೇಂಬರೂ ಜೊತೇಲೇ ಓಗದೆ, ಪೈಪು ತಾನಾಗೇ ಓಗಾಕಿಲ್ಲ" ಎಂದಳು.

ಧರ್ಮೇಂದ್ರ ಆ ತೆಳ್ಳಗಿನ ಮಣ್ಣನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ಎದ್ದು, "ಕಿರಣ, ಬಾನೆಟ್ ಎತ್ತು. ಗಾಡಿ ಕೆಳಗಿಳ್ಸಿ ಚಕ್ರಕ್ಕೆ ಕಲ್ಲು ಕೊಡಿ. ಬ್ರೇಕ್ ಮೆಟ್ಟಿ ಹಿಡ್ಕಂಡು, ಫಸ್ಟ್ ಗೇರ್ ಹಾಕಿ, ಕ್ಲಚ್ ವಸಿ ಮಾತ್ರ ಬುಡು" ಎಂದ. ತಾನು ಪಕ್ಕಕ್ಕೆ ನಿಂತು ಬಗ್ಗಿ ನೋಡಿದ.

ಕ್ಲಚ್ ಅಷ್ಟು ಬಿಟ್ಟ ಕ್ಷಣ ಎಂಜಿನ್ ಇಡೀ ಮೈ ಎತ್ತಿ ಹಿಂದಕ್ಕೆ ವಾಲಿತು. ಅದರ ತಲೆ ಹಿಂದೆ ಹೋದಂತೆ ಬುಡ ಮುಂದೆ ಬಂತು. ಕೆಳಗಿನಿಂದ ಟಣ್ ಎಂಬ ಶಬ್ದ ಕೇಳಿಸಿತು. ಮೂವರಿಗೂ ಕೇಳಿಸಿತು.

ಎಂಜಿನ್ನನ್ನು ಬಾಡಿಗೆ ಹಿಡಿದಿಡುವ ಹಿಂದಿನ ಮೌಂಟಿಂಗ್ ರಬ್ಬರು ಒಳಗೇ ಹರಿದುಹೋಗಿತ್ತು. ಮೇಲಿನಿಂದ ನೋಡಿದರೆ ಚೆನ್ನಾಗಿಯೇ ಕಾಣುತ್ತಿತ್ತು. ಕಂಪೆನಿಯ ಹಳೆಯ ಮುದ್ದೆ ಚಿಕ್ಕದಿದ್ದರಿಂದ ಎಂಜಿನ್ ಎಷ್ಟು ತೂಗಾಡಿದರೂ ಅದು ಯಾವುದಕ್ಕೂ ತಾಗುತ್ತಿರಲಿಲ್ಲ. ಹೆಡರ್ ಬಂದ ಮೇಲೆ ತಾಗತೊಡಗಿತ್ತು.

ಕಿರಣ ನೀರು ಕುಡಿಯಲು ಆಚೆ ಹೋದಾಗ ಧರ್ಮೇಂದ್ರ ಹೇಳಿದ. ಅವಳ ಕಡೆ ನೋಡದೆ, ಬಾನೆಟ್ಟಿನೊಳಗೇ ನೋಡುತ್ತಾ ಹೇಳಿದ.

"ಮೌಂಟಿಂಗ್ ನೋಡ್ಬೇಕು ಅಂತ ನಂಗೆ ಮೊದ್ಲ ದಿನಾನೇ ಅನ್ನಿಸ್ತು. ಕಂಬಿ ಕೊಟ್ಟು ಎಂಜಿನ್ ಎತ್ತಿ ಒತ್ತಿ ನೋಡ್ಬೇಕು. ಅದ್ಕೆ ಎರಡು ಕೈ ಬೇಕು."

"ನಂಗೆ ಏಳ್ಬೋದಿತ್ತಲ್ಲ."

"ಏಳ್ಬೋದಿತ್ತು." ಬಾನೆಟ್ಟಿನ ಅಂಚನ್ನು ಎಡಗೈಯಲ್ಲಿ ಹಿಡಿದುಕೊಂಡು, "ಆ ಒಂದು ಕೆಲ್ಸ ನಾನೇ ಮಾಡ್ತಿದ್ದೆ ಕಣೆ. ಕೈಗೆ ಬರೋ ಆ ಅಲ್ಲಾಟ ಬಾಯಲ್ಲಿ ಏಳಕ್ಕಾಗಲ್ಲ. ಅದ್ಕೇ ಬುಟ್ಬುಟ್ಟೆ. ಆಮೇಲೆ ತಪ್ಪು ನಿನ್ ಮ್ಯಾಲೆ ಹಾಕ್ದೆ" ಎಂದ.

ಶಾಂತಲಾಳ ಸಿಟ್ಟು ಇನ್ನೂ ಪೂರ್ತಿ ಹೋಗಿರಲಿಲ್ಲ. ಗೋಡೆಗೆ ಒರಗಿಸಿದ್ದ ಉದ್ದನೆಯ ಕಂಬಿಯನ್ನು ತಂದು ಎಂಜಿನ್ನಿನ ಕೆಳಗೆ ಕೊಟ್ಟು, "ಎಲ್ಲಿ ಒತ್ಬೇಕು ತೋರ್ಸಿ" ಎಂದಳು. ಅವನು ತನ್ನ ಎಡಗೈಯನ್ನು ಅವಳ ಕೈಯ ಮೇಲಿಟ್ಟು ಒತ್ತಿದ. ಹರಿದ ರಬ್ಬರಿನ ಆ ಸಡಿಲವಾದ ಅಲ್ಲಾಟ ಕಂಬಿಯ ಮೂಲಕ ಅವಳ ಅಂಗೈಗೆ ಬಂತು. ಸರಿ ಇರುವ ಇನ್ನೊಂದು ಬದಿಯಲ್ಲೂ ಒತ್ತಿಸಿದ. ಅಲ್ಲಿ ರಬ್ಬರು ಬಿಗಿಯಾಗಿ ಎದುರು ಒತ್ತಿತು. ಮುಟ್ಟಿದರೆ ಸೊಪ್ಪಿನ ಗುಂಪು ತಿಳಿಯುವ ಕೈಗೆ ಅದು ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಮುಂದಿನ ಕೆಲಸಕ್ಕೆ ನಾಲ್ಕು ದಿನ ಹಿಡಿಯಿತು. ಮೌಂಟಿಂಗ್ ಹುಣಸೂರಿನಲ್ಲಿ ಸಿಗಲಿಲ್ಲ. ಶಾಂತಲಾ ಬಸ್ಸಿನಲ್ಲಿ ಮೈಸೂರಿಗೆ ಹೋಗಿ, ಹಳೆಯದನ್ನು ಚೀಲದಲ್ಲಿ ಹಾಕಿಕೊಂಡು ಅಂಗಡಿ ಅಂಗಡಿ ತಿರುಗಿ, ಅಳತೆಗೆ ಸರಿಯಾದದ್ದನ್ನು ತಂದಳು. ಅದರ ಜೊತೆಗೆ ಹೆಡರಿನ ಅಳತೆಯದೇ ಒಂದು ಬಾಗಿದ ಪೈಪಿನ ತುಂಡನ್ನೂ ತಂದಳು. ಮೌಂಟಿಂಗ್ ಹಾಕಿದ ಮೇಲೆ ಎಂಜಿನ್ನಿನ ತೂಗಾಟ ನಿಂತಿತು, ಆದರೂ ಅವಳಿಗೆ ಸಮಾಧಾನವಾಗಲಿಲ್ಲ. ಬಡಿದು ತಗ್ಗು ಮಾಡಿದ ಪೈಪು ಅವಳ ಕಣ್ಣಿಗೆ ಚುಚ್ಚುತ್ತಿತ್ತು. ಅಲ್ಲದೆ ಮಣ್ಣಿನ ಟ್ರ್ಯಾಕಿನಲ್ಲಿ ಕಾರು ಎತ್ತರದಿಂದ ಬಿದ್ದು ಎದ್ದು ಓಡುತ್ತದೆ. ಹೊಸ ರಬ್ಬರೂ ಸ್ವಲ್ಪ ಬಾಗಿಯೇ ಬಾಗುತ್ತದೆ.

"ತಗ್ಗಾಗಿರೋ ತುಂಡು ಕುಯ್ದು ತೆಗ್ದುಬುಡ್ತೀನಿ. ಈ ಹೊಸ ಬಾಗು ಕೂರ್ಸಿ, ಪೈಪ್ನ ವಸಿ ಹಿಂದಕ್ಕೆ ತರ್ತೀನಿ. ಮುಂದೆ ಒಂದು ಬೆರಳು, ಹಿಂದೆ ಚೇಂಬರ್ ಕಡೆ ಮುಕ್ಕಾಲು ಬೆರಳು" ಎಂದಳು.

"ಕೆಳಗೆ ಇಳೀಬಾರ್ದು. ಇಳಿದ್ರೆ ನೆಲಕ್ಕೆ ಬಡೀತದೆ" ಎಂದ ಧರ್ಮೇಂದ್ರ.

"ಇಳಿಯಾಕಿಲ್ಲ."

ಬ್ಯಾಟರಿಯ ವೈರು ಬಿಚ್ಚಿ, ಹೆಡರ್ ಕಾರಿನಲ್ಲೇ ಇರುವಾಗ ಗುರುತು ಹಾಕಿ ಕೊಯ್ದಳು. ಹೊಸ ತುಂಡನ್ನು ಜಾಗದಲ್ಲಿ ಹಿಡಿದು ಮೂರು ಕಡೆ ಮಾತ್ರ ಚುಕ್ಕಿಯಂತೆ ವೆಲ್ಡಿಂಗ್ ಇಟ್ಟಳು. ಮತ್ತೆ ಮಣ್ಣಿನ ಉಂಡೆ, ಮತ್ತೆ ಮಿಲ್ ಗೇಟಿನ ತನಕ ಒಂದು ಓಟ. ಮೊದಲನೆಯ ಸಲ ಹಿಂದಿನ ಉಂಡೆ ಮೆತ್ತುವಾಗಲೇ ತೆಳ್ಳಗಾಯಿತು, ಪೈಪು ಚೇಂಬರಿಗೆ ತೀರ ಹತ್ತಿರ ಹೋಗಿತ್ತು. ಚುಕ್ಕಿಗಳನ್ನು ಕಡಿದು, ಅಕ್ಕಿಕಾಳಿನಷ್ಟು ತಿರುಗಿಸಿ, ಮತ್ತೆ ಇಟ್ಟಳು. ಎರಡನೆಯ ಸಲ ಎರಡೂ ಉಂಡೆಗಳು ಹೆಚ್ಚುಕಡಿಮೆ ಇಟ್ಟ ದಪ್ಪದಲ್ಲೇ ವಾಪಸು ಬಂದವು. ಆಮೇಲೆ ಹೆಡರನ್ನು ಪೂರ್ತಿ ಬಿಚ್ಚಿ ಹೊರಗೆ ತಂದು ಸುತ್ತಲೂ ಗಟ್ಟಿ ವೆಲ್ಡಿಂಗ್ ಮಾಡಿದಳು. ವೈರು ಹೋಗುವ ಕಡೆ ಪೈಪಿಗೆ ಬಿಸಿ ತಡೆಯುವ ಪಟ್ಟಿ ಸುತ್ತಿದಳು.

ಕೊನೆಯ ಪರೀಕ್ಷೆಗೆ ಎಚ್.ಡಿ. ಕೋಟೆ ರಸ್ತೆಗೆ ಹೋದರು. ಆ ದಾರಿಯಲ್ಲಿ ಹಳ್ಳಿ ಹಳ್ಳಿಗೂ ಹಂಪ್ ಇದೆ, ಕೆಲವು ಊರಿನವರೇ ಕಟ್ಟಿಕೊಂಡವು. ಕಿರಣ ಓಡಿಸಿದ, ಧರ್ಮೇಂದ್ರ ಮುಂದೆ, ಶಾಂತಲಾ ಹಿಂದೆ. ಭಾರಕ್ಕೆಂದು ಕಿರಣ ತನ್ನ ಅಂಗಡಿಯಿಂದ ಎರಡು ಮೂಟೆ ಗೊಬ್ಬರ ಡಿಕ್ಕಿಯಲ್ಲಿ ಹಾಕಿಕೊಂಡು ಬಂದಿದ್ದ. ಒಂದು ಗಂಟೆ ಓಡಿಸಿದರು. ಎಂಜಿನ್ ಕಾದಿತ್ತು, ಹಂಪುಗಳನ್ನು ಹತ್ತಿ ಇಳಿದರು, ಖಾಲಿ ರಸ್ತೆ ಸಿಕ್ಕ ಕಡೆ ಕಿರಣ ನಿಂತ ಜಾಗದಿಂದ ಜೋರಾಗಿ ಎತ್ತಿದ. ಶಾಂತಲಾ ಸೀಟಿನ ಕೆಳಗೆ ಕೈಯಿಟ್ಟು ನೆಲದ ತಗಡನ್ನು ಮುಟ್ಟಿಕೊಂಡೇ ಕೂತಿದ್ದಳು. ಹೊಗೆಯ ಗುಡುಗು ಬಿಟ್ಟರೆ ಬೇರೆ ಶಬ್ದ ಬರಲಿಲ್ಲ.

"ಏನ್ ಗೊತ್ತಾಯ್ತದೆ ನಿಂಗೆ?" ಎಂದು ಧರ್ಮೇಂದ್ರ ಹಿಂದೆ ತಿರುಗಿ ಕೇಳಿದ.

"ತಾಗ್ತಾ ಇಲ್ಲ" ಎಂದಳು.

ಪಂದ್ಯದ ದಿನ ಕಿರಣ ಇಬ್ಬರನ್ನೂ ಕರೆದ. ಪಿರಿಯಾಪಟ್ಟಣದ ಹೊರಗೆ, ಸೊಪ್ಪಿನ ಗಿಡ ಕಿತ್ತು ಉತ್ತಿದ್ದ ಹೊಲದಲ್ಲಿ ಟ್ರ್ಯಾಕು ಮಾಡಿದ್ದರು. ಕೆಂಪು ಧೂಳು, ಮೈಕಿನ ಕೂಗು, ಕೊಡಗಿನಿಂದ ಬಂದ ದೊಡ್ಡ ದೊಡ್ಡ ಜೀಪುಗಳು. ಶಾಂತಲಾ ಅಂಥದ್ದನ್ನು ನೋಡಿದ್ದು ಅದೇ ಮೊದಲು. ಕಿರಣ ತನ್ನ ಗುಂಪಿನಲ್ಲಿ ಐದನೆಯವನಾಗಿ ಬಂದ. ಒಂದು ತಿರುವಿನಲ್ಲಿ ಜಾರಿ ಗುರುತಿನ ಕೋಲಿಗೆ ಗುದ್ದಿದ್ದರಿಂದ ಮುಂದಿನ ಬಂಪರ್ ನೇತಾಡುತ್ತಿತ್ತು. ಆದರೂ ಅವನ ಮುಖದಲ್ಲಿ ನಗು ಇತ್ತು, ಯಾಕೆಂದರೆ ಹೋದ ವರ್ಷ ಅವನ ಕಾರು ಅರ್ಧಕ್ಕೇ ನಿಂತಿತ್ತು.

ಅವನು ಕಾರು ನಿಲ್ಲಿಸಿದ ತಕ್ಷಣ ಶಾಂತಲಾ ಒಂದು ಗೋಣಿಚೀಲ ಹಾಸಿ ಕೆಳಗೆ ಮಲಗಿ ಟಾರ್ಚು ಬಿಟ್ಟು ನೋಡಿದಳು. ಸುತ್ತ ನಿಂತವರು, ಸೀರೆ ಉಟ್ಟ ಹೆಂಗಸು ಕಾರಿನಡಿ ಏನು ಹುಡುಕುತ್ತಿದ್ದಾಳೆಂದು ನೋಡಿದರು. ಪೈಪಿನ ಹೊಟ್ಟೆಯಲ್ಲಿ ಕಲ್ಲು ತಾಗಿದ ಒಂದು ಗೀರು ಇತ್ತು. ಅಡ್ಡತೊಲೆಗೆ ಅವಳೇ ಬಳಿದಿದ್ದ ಕಪ್ಪು ಬಣ್ಣ ಹಾಗೆಯೇ ಇತ್ತು. ಪಕ್ಕದ ಜೀಪಿನವನು ಬಗ್ಗಿ, ತನ್ನ ಗಾಡಿಗೂ ಇಂಥದೇ ತೊಂದರೆ ಇದೆ, ಸ್ಟೀರಿಂಗ್ ರಾಡಿಗೆ ಪೈಪು ತಾಗುತ್ತದೆ, ಎಲ್ಲಿ ಮಾಡಿಸಿದಿರಿ ಎಂದು ಧರ್ಮೇಂದ್ರನನ್ನು ಕೇಳಿದ.

"ನನ್ನ ಕೇಳ್ಬ್ಯಾಡಿ, ಅವ್ಳು ಈಚೆ ಬರ್ಲಿ, ಅವ್ಳನ್ನೇ ಕೇಳಿ" ಎಂದ ಧರ್ಮೇಂದ್ರ.

ಜೀಪು ಮುಂದಿನ ವಾರ ಬಂತು. ಅದರ ಕೆಲಸ ಬೇರೆ ರೀತಿಯದು. ಎಂಜಿನ್ ತೂಗಾಟದ ಜೊತೆಗೆ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಏನಾಗುತ್ತದೆ ಎಂಬುದನ್ನೂ ನೋಡಬೇಕಿತ್ತು. ಮೂರು ದಿನವಾದರೂ ಸರಿಹೋಗಲಿಲ್ಲ. ಕೊನೆಗೆ ಶಾಂತಲಾ, ಈ ಹೆಡರ್ ಈ ಗಾಡಿಯದಲ್ಲ, ಸ್ಟೀರಿಂಗಿಗೆ ತಾಗುವುದನ್ನು ಇಟ್ಟುಕೊಂಡು ಓಡಾಡಬಾರದು, ಹಳೆಯದನ್ನೇ ಹಾಕಿಕೊಡುತ್ತೇನೆ ಎಂದು ಖಡಾಖಂಡಿತವಾಗಿ ಹೇಳಿದಳು. ಜೀಪಿನವನಿಗೆ ಬೇಸರವಾಯಿತು. ಧರ್ಮೇಂದ್ರ, ಅವಳು ಹೇಳಿದ ಹಾಗೇ ಆಗಲಿ ಎಂದ.

ಆ ಜೀಪನ್ನು ಸ್ವತಃ ಓಡಿಸಿ ನೋಡಲು ಆಗದೆ, ಸ್ಟೀರಿಂಗಿನಲ್ಲಿ ಏನು ತಾಗಿದ ಹಾಗಾಗುತ್ತದೆ ಎಂದು ಜೀಪಿನವನ ಬಾಯಿಂದಲೇ ಮೂರು ದಿನ ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು. ಮಾರ್ಚಿನಲ್ಲಿ ಡ್ರೈವಿಂಗ್ ಕಲಿಯಲು ಸೇರಿದಳು. ಕಲಿಸುವ ರಾಣಿ ಎಂಬ ಹುಡುಗಿ ಅವಳಿಗಿಂತ ಹದಿನೈದು ವರ್ಷ ಚಿಕ್ಕವಳು. "ಅಕ್ಕ, ಕ್ಲಚ್ ನಿಧಾನ" ಎಂದು ಅವಳು ಹೇಳಿದಾಗಲೆಲ್ಲ ಶಾಂತಲಾಗೆ ಕಾಲಿನಡಿ ಕ್ಲಚ್ ಪ್ಲೇಟು ಹಿಡಿಯುವುದು ಕಣ್ಣಿಗೆ ಕಂಡಂತೆ ತಿಳಿಯುತ್ತಿತ್ತು, ಆದರೆ ರಸ್ತೆಯಲ್ಲಿ ಎದುರಿಗೆ ಬಸ್ಸು ಬಂದರೆ ಗಾಡಿಯನ್ನು ಮಣ್ಣಿಗಿಳಿಸಿ ನಿಲ್ಲಿಸಿಬಿಡುತ್ತಿದ್ದಳು. ಮೊದಲ ಪರೀಕ್ಷೆಯಲ್ಲಿ ರಿವರ್ಸ್ ತೆಗೆಯುವಾಗ ಕಂಬ ಬೀಳಿಸಿ ಫೇಲಾದಳು. ಮೇ ತಿಂಗಳಲ್ಲಿ ಪಾಸಾದಳು.

ಲೈಸೆನ್ಸ್ ಬಂದ ಮೇಲೆ ಅವಳು ಮೊದಲು ಓಡಿಸಿ ನೋಡಿದ ಗಿರಾಕಿಯ ಗಾಡಿ ಒಬ್ಬ ಮೇಷ್ಟ್ರ ಹಳೆಯ ಮಾರುತಿ. ಬ್ರೇಕ್ ಹಿಡಿದರೆ ಎಡಕ್ಕೆ ಎಳೆಯುತ್ತದೆ ಎಂಬ ದೂರು. ಧರ್ಮೇಂದ್ರ ಪಕ್ಕದಲ್ಲಿ ಕೂತ. ಪಿರಿಯಾಪಟ್ಟಣದ ರಸ್ತೆಯಲ್ಲಿ ನಾಲ್ಕು ಕಿಲೋಮೀಟರ್ ಹೋಗಿ, ಒಂದು ಪೆಟ್ಟಿಗೆ ಅಂಗಡಿಯ ಮುಂದೆ ತಿರುಗಿಸಿಕೊಂಡು, ಇಬ್ಬರೂ ಟೀ ಕುಡಿದು ಬಂದರು. ಎಡಗಡೆಯ ಬ್ರೇಕು ಸಿಕ್ಕಿಕೊಳ್ಳುತ್ತಿದೆ ಎಂದು ದಾರಿಯಲ್ಲೇ ಇಬ್ಬರಿಗೂ ಗೊತ್ತಾಗಿತ್ತು.